ಎಡಗೈಯ ಬೆತ್ತ

ಎಲ್ಲ ತಾಪತ್ರಯಕ್ಕೂ ಮೂಲ ಶಾಮಿಯಾನದ ಶಂಭು. ದೀಪಶ್ರೀ ಅವನ ಹತ್ತಿರ ಕೇಳಿದ್ದು ಎರಡು ಕಂಬ, ಒಂದು ತಂತಿ, ಅಷ್ಟೇ. ನಗರದ ಕೋಟೆಯ ಹತ್ತಿರ ಮಾವಿನ ಮರದ ಕೆಳಗೆ ತನ್ನ ಒಂಬತ್ತು ಅಚ್ಚುಚಿತ್ರಗಳನ್ನು ಬಟ್ಟೆ ಕ್ಲಿಪ್ಪು ಹಾಕಿ ನೇತುಬಿಡಬೇಕು, ಬಂದವರು ನೋಡಿಕೊಂಡು ಹೋಗಬೇಕು, ಇದು ಅವಳ ಆಸೆ. ನಾಲ್ಕನೇ ಕ್ಲಾಸಿನಲ್ಲಿ ಗಣಿತದ ಸುಬ್ಬಪ್ಪ ಮೇಷ್ಟ್ರು ಕೊಟ್ಟ ಪೆಟ್ಟಿನ ಹೆದರಿಕೆ ಅವಳಿಗೆ ವಯಸ್ಸು ಇಪ್ಪತ್ತಾರಾದರೂ ಬಿಟ್ಟಿರಲಿಲ್ಲ. ಅದನ್ನೇ ಮರದ ಹಲಗೆಯಲ್ಲಿ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿದ್ದಳು. ಊರೆದುರು ತೂಗುಹಾಕಿಬಿಟ್ಟರೆ ಹೆದರಿಕೆ ಹೋಗುತ್ತದೆ ಎಂದು ನಂಬಿದ್ದಳು.

ಶಂಭು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವ ಪೈಕಿ. ಮೈಕು, ಐವತ್ತು ಕುರ್ಚಿ, ಹಾರ, ಶಾಲು ಎಲ್ಲ ತಂದಿದ್ದ.

"ಅಧ್ಯಕ್ಷರಿಲ್ದೆ ಎಂತ ಕಾರ್ಯಕ್ರಮ ಮಾರಾಯ್ತಿ? ಸುಬ್ಬಪ್ಪ ಮೇಷ್ಟ್ರನ್ನ ಕರ್ದಿದೀನಿ. ರಿಟೈರಾದ್ಮೇಲೆ ಯಾರೂ ಕರೀತಿರ್ಲಿಲ್ಲ ಪಾಪ, ಕೂಡ್ಲೇ ಒಪ್ಪಿದ್ರು."

ದೀಪಶ್ರೀ ತನ್ನದೇ ಪ್ರದರ್ಶನದಲ್ಲಿ ಮರದ ಹಿಂದೆ ಅಡಗಿ ನಿಂತಳು.

ಸುಬ್ಬಪ್ಪ ಮೇಷ್ಟ್ರು ಇಸ್ತ್ರಿ ಪಂಚೆಯಲ್ಲಿ ಬಂದು, ಟೇಪು ಕತ್ತರಿಸಿ, ಚಿತ್ರ ನೋಡಿದರು. ಒಂಬತ್ತರಲ್ಲೂ ಬೆತ್ತ ಎತ್ತಿದ ದೈತ್ಯ, ಅವನ ಕಾಲ ಬುಡದಲ್ಲಿ ಬೆಂಡೆಕಾಯಿಯಷ್ಟು ಹುಡುಗಿ. ದೈತ್ಯನಿಗೆ ಮುಖವಿರಲಿಲ್ಲ. ಅದನ್ನು ಕೆತ್ತುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಮೇಷ್ಟ್ರು ಮೈಕು ಹಿಡಿದರು. "ಮಕ್ಕಳಿಗೆ ಹೀಗೆ ಹೊಡೆಯೋದಾ? ನಾಚಿಕೆಗೇಡು. ಯಾರಿವನು?"

ಶಂಭು ಹತ್ತಿರ ಹೋಗಿ ಪರೀಕ್ಷಿಸಿದ. "ಬೆತ್ತ ಎಡಗೈಲಿದೆ ಸಾರ್. ನಮ್ ಶಾಲೇಲಿ ಎಡಚರು ಅಂದ್ರೆ ಡ್ರಾಯಿಂಗಿನ ಮಂಜಯ್ಯ ಮೇಷ್ಟ್ರು ಒಬ್ರೇ."

ಎಲ್ಲರ ಕತ್ತೂ ಹಿಂದಿನ ಸಾಲಿಗೆ ತಿರುಗಿತು. ಮಂಜಯ್ಯ ಮೇಷ್ಟ್ರು ಸೊಳ್ಳೆಗೂ ಹೊಡೆದವರಲ್ಲ. ದೀಪಶ್ರೀಗೆ ಚಿತ್ರ ಬರೆಯುವುದನ್ನು ಕಲಿಸಿದವರೇ ಅವರು. ಶಿಷ್ಯೆಯ ಕೆಲಸ ನೋಡಲು ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದರು.

ಮುದುಕರು ಎದ್ದು ಕೈಮುಗಿದರು. "ನಾನ್ ಹೊಡ್ದಿದ್ನಾ ಮಗಾ? ನೆನಪಿಲ್ಲ, ವಯಸ್ಸಾಯ್ತು. ಹೊಡ್ದಿದ್ರೆ ತಪ್ಪಾಯ್ತು."

ದೀಪಶ್ರೀ ಮರದ ಹಿಂದಿನಿಂದ ಓಡಿಬಂದು ಮೈಕು ಕಸಿದುಕೊಂಡಳು. "ಇವ್ರಲ್ಲ. ಹಲಗೇಲಿ ನಾನು ಬಲಗೈಗೇ ಬೆತ್ತ ಕೊಟ್ಟಿದ್ದೆ. ಕಾಗದಕ್ಕೆ ಒತ್ತಿದಾಗ ಎಡ ಬಲ ಅದಲು ಬದಲಾಗ್ತದೆ. ಹೊಡ್ದಿದ್ದು ಸುಬ್ಬಪ್ಪ ಮೇಷ್ಟ್ರು."

ಹೇಳಿಯೇಬಿಟ್ಟಳು. ಹದಿನೇಳು ವರ್ಷದ ಹೊರೆ ಇಳಿದು ಮೈ ಹಗುರಾಯಿತು.

ಸುಬ್ಬಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಂದು ಸುತ್ತು ನೋಡಿ ಬಂದರು. "ಒಂಬತ್ತೂ ನಾನೇನಾ?"

"ಹೌದು ಸಾರ್."

ಮೇಷ್ಟ್ರ ಎದೆ ಉಬ್ಬಿತು. ಐದು ನಿಮಿಷದ ಹಿಂದಿನ ನಾಚಿಕೆಗೇಡು ಮರೆತೇ ಹೋಗಿತ್ತು. "ನೋಡಿ, ಎಷ್ಟು ಶಿಷ್ಯರಿಗೆ ಕಲಿಸಿದೆ, ಒಬ್ಬನಾದ್ರೂ ನನ್ನ ಒಂದು ಚಿತ್ರ ಮಾಡಿದ್ನಾ?" ಆಮೇಲೆ ಕ್ಲಾಸಿನ ಹಳೇ ದನಿ ಹೊರಟಿತು. "ಆದ್ರೆ ಕೈ ತಪ್ಪು. ಒಂಬತ್ತಕ್ಕೆ ಒಂಬತ್ತೂ ತಪ್ಪು. ಎಲ್ಲ ತಿದ್ದಿ, ಮುಖಾನೂ ಕೂರ್ಸಿ, ಸೋಮವಾರ ತಂದು ತೋರ್ಸು."

"ಆಯ್ತು ಸಾರ್" ಎಂದಳು ದೀಪಶ್ರೀ.

ಜನ ಚಪ್ಪಾಳೆ ತಟ್ಟಿದರು. ಆಗ ಅವಳು ನೋಡಿಕೊಂಡಳು. ಮೈಕು ಯಾವಾಗಲೋ ಎಡಗೈಗೆ ಹೋಗಿತ್ತು, ಬಲಗೈ ಅಂಗೈ ಮೇಲಾಗಿ ಮೇಷ್ಟ್ರ ಮುಂದೆ ಚಾಚಿಕೊಂಡಿತ್ತು.