ಹುಣಸೆಮರದ ಸ್ಟಾಪಿಗೆ ಒಂದು ಮೇಲ್

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಊರವರಿಗೆ ಇಮೇಲ್ ಬರೆದುಕೊಡುವ ಅಂಗಡಿ ಇಟ್ಟ ನನಗೆ ಆಗ ನಗುವಿಗೇನೂ ಬರವಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಫೋನು, ನನ್ನ ಪಾಲಿಗೆ ಜೆರಾಕ್ಸ್ ಮಾತ್ರ ಉಳಿದಿದೆ. ಮಧ್ಯಾಹ್ನ ಗಿರಾಕಿಯಿಲ್ಲದೆ ಕೂತಾಗ ಹಂಗಳದ ಕಡೆಯ ಒಬ್ಬ ಯಜಮಾನರು ನೆನಪಾಗಿ ಒಬ್ಬಳೇ ನಗುತ್ತೇನೆ. ಪಕ್ಕದ ಟೀ ಅಂಗಡಿಯವನು ನನಗೇನೋ ಆಗಿದೆ ಅಂದುಕೊಂಡಿದ್ದಾನೆ.

ಮೊದಲ ಮೇಲ್

ಯಜಮಾನರ ಮಗಳು ಇಲ್ಲಿಯ ಕಾಲೇಜಿಗೆ ಬರುತ್ತಿದ್ದಳು. ಅವರ ಮನೆ ಹತ್ತಿರದ ಹುಣಸೆಮರದ ಸ್ಟಾಪಿನಲ್ಲಿ ಬೆಳಗಿನ ಬಸ್ಸು ನಿಲ್ಲುತ್ತಿರಲಿಲ್ಲ. ದಿನಾ ಮೊದಲ ಪಿರಿಯಡ್ ತಪ್ಪಿ, ಹಾಜರಾತಿ ಸಾಲದೆ, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

"ಚಾಮರಾಜನಗರದ ಬಸ್ ಆಫೀಸ್ಗೆ ಒಂದ್ ಮೇಲ್ ಆಕ್ಬುಡವ್ವ" ಅಂದರು.

"ಏನಂತ ಬರೀಲಿ?"

"ಮೊದ್ಲು ಕ್ಷೇಮ ಕೇಳು. ಸಾಹೇಬ್ರು, ಅವ್ರ ಮನೆಯೋರು, ಮಕ್ಳು, ದನಕರ ಎಲ್ಲಾ ಚೆನ್ನಾಗವರಾ ಅಂತ."

"ಸಾಹೇಬ್ರ ಮನೇಲಿ ದನ ಇರ್ತವಾ?"

"ಇಲ್ದಿದ್ರೆ ಇಲ್ಲ. ಕೇಳಾದು ನಮ್ ಮರ್ವಾದಿ."

ಆಮೇಲೆ ಮಳೆ ಬೆಳೆ ಎಲ್ಲ ಬರೆಸಿದರು. ಬಸ್ಸಿನ ವಿಷಯ ಬರೀಲಾ ಅಂದರೆ ಗಾಬರಿಯಾದರು. "ಮೊದ್ಲನೇ ಕಾಗ್ದದಲ್ಲೇ ಕೇಳುದ್ರೆ ಏನಂದ್ಕಂಡಾರು? ಏನ್ ವಿಷ್ಯ ಅಂತ ಅವ್ರೇ ಕೇಳ್ತಾರೆ, ಆಗ ಹೇಳನ."

ಉತ್ತರ ಬಂತು: "ತಮ್ಮ ಶುಭ ಹಾರೈಕೆಗೆ ಧನ್ಯವಾದಗಳು. ನಮ್ಮಲ್ಲಿ ದನಗಳಿಲ್ಲ."

ಮೇಲ್ ಹಿಂದೆ ಮನುಷ್ಯ

ಎರಡನೆಯದಕ್ಕೆ ನಾನೇ ಜಗಳಕ್ಕೆ ನಿಂತೆ. ಚೌಕಾಸಿ ಮಾಡಿ, ಕ್ಷೇಮಕ್ಕೆ ಒಂದು ಸಾಲು, ಬಸ್ಸಿಗೆ ಎರಡು ಸಾಲು ಅಂತ ಇತ್ಯರ್ಥವಾಯಿತು. ಮೇಲ್ ಕಳಿಸಿದ ಮರುದಿನವೇ ಯಜಮಾನರು ತೋಟದ ಬಾಳೆಗೊನೆ ಹೊತ್ತು ಚಾಮರಾಜನಗರಕ್ಕೇ ಹೋಗಿದ್ದರು.

"ಮೇಲ್ ಬಂದಿದೆಯಲ್ಲ, ನೀವ್ಯಾಕೆ ಬಂದ್ರಿ?" ಅಂದರಂತೆ ಸಾಹೇಬರು.

"ಬರೀ ಮೇಲ್ ಕಳಿಸ್ಬುಟ್ಟು ನಾನು ಮನೇಲಿ ಕೂತ್ಕಂಡ್ರೆ ಚೆನ್ನಾಗಿರಕಿಲ್ಲ ಬುದ್ಧಿ."

ಸಾಹೇಬರು ನಕ್ಕು, ಒಂದು ಸಲ ಸ್ಟಾಪನ್ನು ಬಂದು ನೋಡುತ್ತೇನೆ ಅಂದರು. ನೋಡಲು ಬಂದವರು ಊಟ ಮಾಡದೆ ಹೋಗಕೂಡದು ಎಂದು ಇವರು ಮಾತು ತೆಗೆದುಕೊಂಡರು. ಮೇಲ್ ಜೊತೆ ಫೋಟೋ ಲಗತ್ತಿಸುವವರನ್ನು ಬೇಕಾದಷ್ಟು ನೋಡಿದ್ದೇನೆ, ಬಾಳೆಗೊನೆ ಲಗತ್ತಿಸಿದವರು ಇವರೊಬ್ಬರೇ.

ಸಾಹೇಬರ ಮೇಲ್

ಒಂದು ಶನಿವಾರ ಸಾಹೇಬರು ಯಾರದೋ ಬೈಕಿನಲ್ಲಿ ಯಜಮಾನರ ಮನೆಗೆ ಬಂದಿಳಿದರು. ಮುದ್ದೆ, ಹುರುಳಿಸಾರು ಗಟ್ಟಿಯಾಗಿ ಉಂಡು, ವಾಪಸ್ಸು ಬಸ್ಸಿಗೆಂದು ಹುಣಸೆಮರದ ಕೆಳಗೆ ನಿಂತರು. ಒಂದು ಬಸ್ಸು ನಿಲ್ಲದೆ ಹೋಯಿತು. ಇನ್ನೊಂದಕ್ಕೆ ಸಾಹೇಬರು ರಸ್ತೆಗೇ ಇಳಿದು ಕೈ ಬೀಸಿದರು. ಡ್ರೈವರ್ ಕೂಡ ಬಹಳ ಮರ್ಯಾದೆಯಿಂದ ಕೈ ಬೀಸಿ ಹೋದ.

ಕೊನೆಗೆ ಕೋಸು ತುಂಬಿದ ಟೆಂಪೋ ಹತ್ತಿ ಬಂದವರು ನೇರ ನನ್ನ ಅಂಗಡಿಗೆ ನುಗ್ಗಿದರು. ಅಂಗಿಯ ಮೇಲೆ ಇನ್ನೂ ಕೋಸಿನ ಎಲೆಯಿತ್ತು.

"ಒಂದು ಮೇಲ್ ಬರೀಬೇಕಮ್ಮ."

"ಯಾರಿಗೆ ಸಾರ್?"

"ನಮ್ಮ ಡಿಪೋಗೇ!"

"ಮೊದಲು ಕ್ಷೇಮ ಕೇಳಲಾ?"

"ಅವರ ಕ್ಷೇಮ ನಾನು ಸೋಮವಾರ ಹೋಗಿ ವಿಚಾರಿಸ್ಕೋತೀನಿ. ಈಗ ಬಸ್ ನಿಲ್ಲಿಸಿ ಅಂತಷ್ಟೇ ಬರೀರಿ."

ಮಂಗಳವಾರದಿಂದ ಬೆಳಗಿನ ಬಸ್ಸು ಹುಣಸೆಮರದ ಹತ್ತಿರ ನಿಲ್ಲಲು ಶುರುವಾಯಿತು. ಹುಡುಗಿ ಮೊದಲ ಪಿರಿಯಡ್ಡಿಗೇ ಹೋಗತೊಡಗಿದಳು, ಪರೀಕ್ಷೆಯನ್ನೂ ಬರೆದಳು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಂಬದಿಂದ ಯಜಮಾನರಿಗೆ ಸಾಹೇಬರ ಮೇಲ್ ತೋರಿಸಿದೆ. ಮುಖ ಕಿವುಚಿದರು.

"ಇದೇನವ್ವಾ, ಕ್ಷೇಮ ಇಲ್ಲ, ಸಮಾಚಾರ ಇಲ್ಲ?"

"ಬಸ್ಸು ನಿಂತಿದ್ದು ಇದಕ್ಕೇ ಯಜಮಾನ್ರೇ. ನಿಮ್ಮ ಕ್ಷೇಮಕ್ಕಲ್ಲ."

"ಕ್ಷೇಮ ಕೇಳುದ್ಕೇ ಸಾಹೇಬ್ರು ಊಟುಕ್ ಬಂದ್ರು. ಬಂದುದ್ಕೇ ಅವ್ರ್ಗೆ ಬಸ್ ತಪ್ತು. ಅವ್ರ್ಗೆ ತಪ್ಪುದ್ಕೇ ನನ್ ಮಗ್ಳಿಗೆ ಸಿಕ್ತು. ನಿಂಗೇನ್ ಗೊತ್ತದೆ ಬುಡವ್ವ, ಸುಮ್ನೆ ಟೈಪ್ ಮಾಡು. ಈಗ ಬಸ್ ನಿಲ್ಸ್ತಾವನಲ್ಲ, ಆ ಡ್ರೈವರ್‌ಗೊಂದು ಮೇಲ್ ಆಕು. ಮೊದ್ಲು ಕ್ಷೇಮ ಕೇಳು."