ಹುಳ ಇರೋ ಬದನೆಕಾಯಿನೇ ಬೇಕು!

ನಮ್ಮಮ್ಮನ ಜೊತೆ ತರಕಾರಿಗೆ ಹೋಗಿ ಏನೂ ಆಗದೆ ವಾಪಸ್ ಬಂದ ದಿನಾನೇ ಇಲ್ಲ. ಅದರಲ್ಲೂ ಬಿಟಿ ಬದನೆ ಬರುತ್ತೆ, ಬರಬಾರದು ಅಂತ ಊರೆಲ್ಲ ಗಲಾಟೆ ನಡೀತಿದ್ದ ಆ ವರ್ಷ, ಅಯ್ಯೋ, ಕೇಳ್ಬೇಡಿ! ಪೇಪರಿನಲ್ಲಿ ಕುಲಾಂತರಿ ತರಕಾರಿ ಬಗ್ಗೆ ಓದಿದ್ದೇ ತಡ, ಅಮ್ಮ ಎದ್ದು ನಿಂತಳು. "ಅದರೊಳಗೆ ಬ್ಯಾಕ್ಟೀರಿಯಾದ್ದು ಏನೋ ಸೇರಿಸ್ತಾರಂತೆ ಕಣೇ! ಮಡೀಲಿ ಅಡುಗೆ ಮಾಡೋ ಮನೆ ನಮ್ಮದು. ಇನ್ಮೇಲೆ ಪರೀಕ್ಷೆ ಮಾಡ್ದೆ ಒಂದು ಮೆಣಸಿನಕಾಯೂ ಒಳಗೆ ಬರೋ ಹಾಗಿಲ್ಲ."

ಎಂಟು ಇರಬಾರದು

ಹಣ್ಣಿನ ಸ್ಟಿಕ್ಕರ್ ಮೇಲಿನ ನಂಬರು ಎಂಟರಿಂದ ಶುರುವಾದ್ರೆ ಅದು ಕುಲಾಂತರಿ ಅಂತ ಪಕ್ಕದ್ಮನೆ ಆಂಟಿ ಹೇಳಿಕೊಟ್ಟಿದ್ರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ತಳ್ಳುಗಾಡಿ ಮುಂದೆ ನಿಂತು ಅಮ್ಮ ಒಂದೊಂದೇ ಸೇಬು ಎತ್ತಿ ಕಣ್ಣಿಗೆ ಹಿಡಿದು ಓದೋಕೆ ಶುರು ಮಾಡಿದ್ಲು. ಹಿಂದೆ ಜನ ಗೊಣಗ್ತಿದ್ರು. ನನಗೋ ನಾಚಿಕೆ.

"ಏನ್ ಹುಡುಕ್ತಿದ್ದೀರಾ ಅಮ್ಮ?" ಅಂದ ಗಾಡಿಯವನು.

"ನಂಬರಪ್ಪ. ಎಂಟು ಇರಬಾರದು."

ಅವನು ಗಾಡಿ ಕೆಳಗಿಂದ ಮೂರು ಥರದ ಸ್ಟಿಕ್ಕರ್ ರೋಲು ತೆಗೆದ. "ಅಷ್ಟೇನಾ? ಯಾವ ನಂಬರ್ ಬೇಕು ಹೇಳಿ, ಅಂಟಿಸ್ಕೊಡ್ತೀನಿ."

ತೂತಿಗೇ ಬೆಲೆ

ಆಮೇಲೆ ಅಮ್ಮನಿಗೆ ಹೊಸ ಉಪಾಯ ಸಿಕ್ತು. ಬಿಟಿ ಬದನೆಗೆ ಹುಳ ಬೀಳಲ್ಲ, ಅಂದ್ಮೇಲೆ ತೂತು ಇರೋದೇ ಅಪ್ಪಟ ನಾಟಿ!

"ಇಷ್ಟು ವರ್ಷ ತೂತು ಇದೆ ಅಂತ ನನ್ನ ಹತ್ರ ಜಗಳ ಆಡಿದ್ದು ನೀವೇ ಅಲ್ವಾ?" ಅಂತ ತರಕಾರಿ ಅಕ್ಕ ಬೆರಗಾದ್ಲು. ಆದ್ರೆ ಬಲು ಚುರುಕು ಹೆಂಗಸು. ಮುಂದಿನ ವಾರಕ್ಕೆ ಎರಡು ಗುಡ್ಡೆ ಹಾಕಿದ್ಲು. ತೂತು ಬಿದ್ದ ಗುಡ್ಡೆಗೇ ಬೆಲೆ ಜಾಸ್ತಿ.

"ಇದ್ಯಾಕೆ ಹೀಗೆ?" ಅಂದಳು ಅಮ್ಮ.

"ಒಳಗೆ ಹುಳ ಗ್ಯಾರಂಟಿ ಅಮ್ಮ, ಸುಮ್ನೇನಾ?"

ಹುಡುಗನ ತಟ್ಟೆ

ಅದೇ ತಿಂಗಳು ನನ್ನ ನೋಡೋಕೆ ಗಂಡಿನ ಕಡೆಯವರು ಬಂದ್ರು. ಹುಬ್ಬಳ್ಳಿಯವರು, ತಾಯಿ-ಮಗ ಇಬ್ಬರೇ ಇಲ್ಲಿ ಬಾಡಿಗೆ ಮನೇಲಿದ್ರು. ಫೋಟೋದಲ್ಲೇ ಹುಡುಗ ನನಗೆ ಸಖತ್ ಹಿಡಿಸಿಬಿಟ್ಟಿದ್ದ. ಇದೊಂದು ಕೂಡಿ ಬರ್ಲಪ್ಪ ಅಂತ ಆಂಜನೇಯನಿಗೆ ಹರಕೆ ಬೇರೆ ಹೊತ್ತಿದ್ದೆ.

ಅಮ್ಮ ವಾಂಗೀಬಾತ್ ಮಾಡಿದ್ಲು. ಸರಿಯಾಗಿ ನೋಡಿ ಹೆಚ್ಚಮ್ಮಾ ಅಂತ ಕೈ ಮುಗಿದು ಹೇಳಿದ್ದೆ. ಹುಡುಗ ಎರಡು ತುತ್ತು ತಿಂದ. ಮೂರನೇದಕ್ಕೆ ಕೈ ನಿಂತುಹೋಯ್ತು. ತಟ್ಟೇಲಿ ಹುಳ!

ಅಮ್ಮ ಬಗ್ಗಿ ನೋಡಿದವಳೇ ಚಪ್ಪಾಳೆ ತಟ್ಟಿದ್ಲು. "ನೋಡಿದ್ರಾ! ನಾಟಿ! ಅಪ್ಪಟ ನಾಟಿ!"

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮುಗೀತು ನನ್ನ ಮದುವೆ ಅಂದ್ಕೊಂಡೆ. ಹುಡುಗನ ತಾಯಿ ಕನ್ನಡಕ ಸರಿ ಮಾಡ್ಕೊಂಡು ತಟ್ಟೆಗೆ ಬಾಗಿದ್ರು.

"ಹೌದ್ರೀ! ಬಿಟಿ ಅಲ್ಲ ಬಿಡ್ರಿ. ನಾನೂ ಇಂಥಾದ್ದು ಹುಡುಕಿ ಹುಡುಕಿ ಸಾಕಾಗೇದ. ಎಲ್ಲಿ ತಗೊಂಡ್ರಿ?"

ಅಮ್ಮಂದಿರಿಬ್ಬರೂ ಚೀಲ ಹಿಡಿದು ಹೊರಟೇಬಿಟ್ರು! ವಾಪಸ್ ಬರೋ ಹೊತ್ತಿಗೆ ಬೀಗಿತ್ತಿಯರಾಗಿದ್ರು, ಮದುವೆ ಯಾವ ತಿಂಗಳು ಅನ್ನೋದೂ ಮಾತಾಗಿತ್ತು.

"ಹುಡುಗಿ ನಿನಗ ಒಪ್ಪಿಗಿ ಆಗ್ಯಾಳೇನೋ?" ಅಂತ ತಾಯಿ ಮಗನನ್ನ ಕೇಳಿದ್ರು.

ಹುಡುಗ ನನ್ನ ನೋಡಿ ನಕ್ಕ.

"ಹುಡುಗಿ ಒಪ್ಪಿಗಿ ಆಗ್ಯಾಳವ್ವಾ. ಮದುವಿ ಊಟಕ್ಕ ಮಾತ್ರ ಬಿಟಿ ಬದನಿಕಾಯೇ ತರಸ್ರಿ."