ಫ್ಲ್ಯಾಟ್ ನಂಬರ್ ಎರಡರ ಅಡಿಯಲ್ಲಿ ವಾಸವಾಗಿರುವ ಹೆಗ್ಗಣರವರಿಗೆ

ಶ್ರೀಮಾನ್ ಹೆಗ್ಗಣರವರು,
ಫ್ಲ್ಯಾಟ್ ನಂಬರ್ ಎರಡರ ತಳಭಾಗ,
ಸುಖನಿವಾಸ ಸಹಕಾರಿ ಗೃಹನಿರ್ಮಾಣ ಸಂಘ,
ಬಿಬವೇವಾಡಿ, ಪುಣೆ.

ಸೆಪ್ಟೆಂಬರ್ 2002, ಗಣೇಶ ಚೌತಿಯ ಹಿಂದಿನ ವಾರ

ವಿಷಯ: ಹಿತ್ತಲಿನ ಗೋಡೆ, ಕಟ್ಟೆ, ನೀರಿನ ಪೈಪು ಹಾಗೂ ಮಲ್ಲಿಗೆ ಬಳ್ಳಿಯ ಬೇರುಗಳ ಬಗ್ಗೆ ವಿನಮ್ರ ದೂರು.

ಮಾನ್ಯರೇ,

ತಾವೂ ತಮ್ಮ ಕುಟುಂಬವರ್ಗದವರೂ ನಮ್ಮ ಅಡುಗೆಮನೆಯ ಕೆಳಗೆ ಹೊಟ್ಟೆತುಂಬ ಉಂಡು ಬೆಚ್ಚಗೆ ಇದ್ದೀರೆಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ. ಪ್ರತಿ ಬೆಳಿಗ್ಗೆ ನಾನು ಹಿತ್ತಲಲ್ಲಿ ಹಾಸಿದ ಹೊಸ ಫರಸಿ ಕಲ್ಲಿನ ಮೇಲೆ ತಾವು ಗುಡ್ಡೆ ಹಾಕಿಹೋಗುವ ಮಣ್ಣನ್ನು ನೋಡಿದರೆ ತಮ್ಮ ಆರೋಗ್ಯ ಎಷ್ಟು ಚೆನ್ನಾಗಿದೆ ಎಂಬುದು ಯಾವ ಡಾಕ್ಟರನ್ನೂ ಕೇಳದೆ ತಿಳಿಯುತ್ತದೆ. ನಾವೂ ಇಲ್ಲಿ ಮೇಲೆ ಕ್ಷೇಮವಾಗಿದ್ದೇವೆ, ಒಂದು ಕಡೆ ಸ್ವಲ್ಪ ವಾಲಿಕೊಂಡು.

ನಾನು ಈರಬಸಪ್ಪ, ರಬಕವಿಯವನು, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಗುಮಾಸ್ತ. ಪತ್ರ ಬರೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ, ಬೆಲ್ಲವನ್ನು ಮಳೆಯಲ್ಲಿ ನೆನೆಸಿ ಪಾಕ ಮಾಡಿ ತಂದ ಲಾರಿಯವರಿಗೂ ‘ಮಾನ್ಯರೇ’ ಎಂದೇ ಬರೆದು ರೂಢಿ. ತಮಗೆ ಅದಕ್ಕಿಂತ ಕಡಿಮೆ ಮರ್ಯಾದೆ ಕೊಡಲು ಮನಸ್ಸು ಒಪ್ಪಲಿಲ್ಲ. ಹಿಂದೊಮ್ಮೆ ಬಿಲದೊಳಗೆ ತಳ್ಳಿದ ನನ್ನ ಕಾಗದವನ್ನು ತಾವು ಓದದೆ ಹಾಸಿಗೆಗೆ ಬಳಸಿದ್ದು ಗಮನಕ್ಕೆ ಬಂದಿರುವುದರಿಂದ, ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿ ಸಂಘದ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಹಚ್ಚಿದ್ದೇನೆ. ಇಡೀ ಸಂಘದಲ್ಲಿ ಕನ್ನಡ ಓದಬಲ್ಲವರು ನಾನು ಮತ್ತು ನನ್ನ ಹೆಂಡತಿ ಪಾರವ್ವ ಇಬ್ಬರೇ ಆದ್ದರಿಂದ ತಮ್ಮ ಮಾನಕ್ಕೆ ಧಕ್ಕೆಯೇನೂ ಆಗಲಾರದು.

ಈ ಮನೆಯನ್ನು ನಾವು ಏಕೆ ಕೊಂಡೆವು ಎಂಬುದು ತಮಗೆ ತಿಳಿದಿರಬೇಕು. ಪುಣೆಗೆ ಬಂದ ಮೇಲೆ ಹತ್ತೊಂಬತ್ತು ವರ್ಷ ನಾವು ಭವಾನಿ ಪೇಠೆಯ ಹಳೆಯ ವಾಡೆಯೊಂದರ ಎರಡನೆಯ ಮಹಡಿಯಲ್ಲಿ, ಒಂದೇ ಖೋಲಿಯಲ್ಲಿ ಇದ್ದವರು. ಅಲ್ಲಿ ಪಾರವ್ವ ಕಿಟಕಿಯಲ್ಲಿ ಡಾಲ್ಡಾ ಡಬ್ಬಿ ಇಟ್ಟು ಕೊತ್ತಂಬರಿ ಬೆಳೆದಿದ್ದಳು. ಅದರ ನೀರು ಕೆಳಗಿನವರ ಹಪ್ಪಳದ ಮೇಲೆ ತೊಟ್ಟಿಕ್ಕಿತೆಂದು ಮಾಲಕರು ಡಬ್ಬಿ ತೆಗೆಸಿದರು. 1997ರಲ್ಲಿ ಈ ಫ್ಲ್ಯಾಟ್ ನೋಡಲು ಬಂದಾಗ ಆಕೆ ಅಡುಗೆಮನೆಯನ್ನೂ ನೋಡಲಿಲ್ಲ, ಬಚ್ಚಲನ್ನೂ ನೋಡಲಿಲ್ಲ. ನೆಟ್ಟಗೆ ಹಿಂದಿನ ಬಾಗಿಲು ತೆಗೆದು, ಏಳಡಿ ಅಗಲ ಹನ್ನೆರಡಡಿ ಉದ್ದದ ಆ ಪಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣೆತ್ತಿ ಮೂಸಿ, ಇದೇ ಇರಲಿ ಎಂದಳು. ಈ ಊರಿಗೆ ಬಂದ ಮೇಲೆ ಆಕೆ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಆ ಮಣ್ಣೊಂದನ್ನೇ.

ಮನೆ ಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ಕೈ ಮಾತ್ರ. ಆದ್ದರಿಂದ ಹಿತ್ತಲಿನ ಸಕಲ ಸುಧಾರಣೆಗಳನ್ನೂ ಬೇರೆಯವರು ಬಿಸಾಕಿದ ವಸ್ತುಗಳಿಂದಲೇ ಕೈಗೊಂಡೆ. ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ ಗುರಣ್ಣ ಮೇಸ್ತ್ರಿ ಭಾನುವಾರಗಳಂದು ತುಂಡು ಶಹಾಬಾದ ಕಲ್ಲುಗಳನ್ನೂ, ಒಡೆದ ಟೈಲ್ಸನ್ನೂ, ಯಾರದೋ ಬಂಗಲೆಯಲ್ಲಿ ಉಳಿದ ಅರ್ಧ ಚೀಲ ಸಿಮೆಂಟನ್ನೂ ತಂದುಕೊಟ್ಟ. ಮಾರ್ಕೆಟ್ ಯಾರ್ಡಿನ ಮಾವಿನ ಪೆಟ್ಟಿಗೆಗಳ ಪಟ್ಟಿ ಬಿಚ್ಚಿ ಮಲ್ಲಿಗೆಗೆ ಚಪ್ಪರ ಹಾಕಿದೆ. ದವಾಖಾನೆಯೊಂದರ ಖಾಲಿ ಸಲೈನ್ ಬಾಟಲಿಗಳನ್ನು ಗಿಡಗಳ ಮೇಲೆ ತಲೆಕೆಳಗಾಗಿ ತೂಗುಹಾಕಿ ಹನಿಹನಿ ನೀರುಣಿಸಿದೆ. ನೋಡಿದವರು ನಮ್ಮ ಬದನೆ ಗಿಡಗಳ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಕೊನೆಗೆ ಪಾರವ್ವ ಸಂಜೆ ಕೂತು ಸೊಪ್ಪು ಸೋಸಲೆಂದು ಗೋಡೆಗೆ ಹತ್ತಿಕೊಂಡಂತೆ ಒಂದು ಕಲ್ಲಿನ ಕಟ್ಟೆ ಕಟ್ಟಿದೆ.

ಕಟ್ಟೆ ಮೂರನೆಯ ದಿನಕ್ಕೆ ಅಡುಗೆಮನೆಯ ಕಡೆಗೆ ವಾಲಿತು. ತಪ್ಪು ನನ್ನದೇ ಎಂದು ಬಿಚ್ಚಿ, ಸಲೈನ್ ನಳಿಗೆಯಲ್ಲಿ ನೀರು ತುಂಬಿ ಮಟ್ಟ ಹಿಡಿದು, ಮತ್ತೆ ಕಟ್ಟಿದೆ. ಈ ಸಲ ರಸ್ತೆಯ ಕಡೆಗೆ ವಾಲಿತು, ಜೊತೆಗೆ ಗೋಡೆಯನ್ನೂ ಕರೆದುಕೊಂಡಿತು. ಗುರಣ್ಣ ಬಂದು ಗೋಡೆಗೆ ಕಿವಿಗೊಟ್ಟು, ಹಾರೆಯಿಂದ ಎರಡು ಸಲ ನೆಲ ಕುಟ್ಟಿ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ಸಾಹೇಬ್ರ, ನಿಮ್ಮ ಮಾಲ್ ಬರೋಬರಿ ಅದರಿ. ಕೆಳಗ ಯಾರೋ ಸಂಸಾರ ಮಾಡ್ಲಿಕತ್ತಾರ.”

ಹೀಗೆ ತಮ್ಮ ಪರಿಚಯವಾಯಿತು. ತಮ್ಮ ಕಾರ್ಯದಕ್ಷತೆಯನ್ನು ಹೊಗಳದೆ ಮುಂದೆ ಹೋಗುವುದು ಅನ್ಯಾಯವಾದೀತು. ಮುಂಗಡ ಕೇಳದ, ಚಹಾ ಕೇಳದ, ಊರಲ್ಲಿ ಮದುವೆಯಿದೆ ಎಂದು ಒಂದು ತಿಂಗಳು ನಾಪತ್ತೆಯಾಗದ ಕೆಲಸಗಾರರನ್ನು ಪುಣೆಯಲ್ಲಿ ನಾನು ಕಂಡದ್ದು ತಮ್ಮನ್ನೇ ಮೊದಲು. ಬಿಲಕ್ಕೆ ಗಾಜಿನ ಚೂರು ತುಂಬಿದರೆ ತಾವು ಅವನ್ನು ಒಂದೂ ಕಳೆಯದೆ ಹೊರಗೆ ಸಾಲಾಗಿ ಜೋಡಿಸಿಟ್ಟಿರಿ. ಮೆಣಸಿನಕಾಯಿ ಹೊಗೆ ಹಾಕಿದರೆ ಮೂರನೆಯ ಮಹಡಿಯವರೆಗೆ ಎಲ್ಲರೂ ಕೆಮ್ಮಿದರು, ತಮ್ಮದೊಂದು ಸೀನೂ ಕೇಳಲಿಲ್ಲ. ಬೋನಿನಲ್ಲಿಟ್ಟ ಭಜಿಯ ಆಸೆಗೆ ಮೇಲಿನ ಮನೆಯವರ ಬೆಕ್ಕು ಬಿತ್ತು. ತಾವು ಹೊರಹಾಕಿದ ಮಣ್ಣು ಮಾತ್ರ ಜರಡಿ ಹಿಡಿದಷ್ಟು ನಯವಾಗಿರುವುದರಿಂದ ಅದನ್ನೇ ಬಣ್ಣದ ಡಬ್ಬಿಗಳಿಗೆ ತುಂಬಿ ಟೊಮ್ಯಾಟೊ ಹಚ್ಚಿದ್ದೇನೆಂದು ಕೃತಜ್ಞತೆಯಿಂದ ತಿಳಿಸುತ್ತೇನೆ. ಹೇಗೂ ಅಗೆಯುತ್ತೀರಿ, ನಿಂಬೆಯ ಸಸಿಗೆ ಎರಡಡಿ ಆಳದ ಗುಂಡಿಯೊಂದನ್ನು ಪೈಪಿನಿಂದ ದೂರ, ಮೂಲೆಯಲ್ಲಿ, ತೋಡಿಕೊಡಲು ಸಾಧ್ಯವೇ ಎಂಬ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕು.

ಈಗ ನಮ್ಮ ಕಡೆಯಿಂದ ಆದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಪಾರವ್ವ ನೇಕಾರರ ಮಗಳು. ರಬಕವಿಯ ಅವಳ ತವರಿನಲ್ಲಿ ಚೌತಿಯ ಮರುದಿನ ಇಲಿವಾರ. ಅಂದು ಮಗ್ಗ ಮುಟ್ಟುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ, ಬಿಲದ ಬಾಯಿಗೆ ಕಡುಬಿನ ಎಡೆ ಇಟ್ಟು, ವರ್ಷವಿಡೀ ನೂಲು ಕಡಿಯದಿರಲು ಕೈಮುಗಿದು ಕೇಳಿಕೊಳ್ಳುತ್ತಾರೆ. ವಾಡೆಯ ಎರಡನೆಯ ಮಹಡಿಯಲ್ಲಿ ಬಿಲವೆಲ್ಲಿಂದ ಬರಬೇಕು? ಹತ್ತೊಂಬತ್ತು ವರ್ಷ ಆಕೆ ಕಡುಬನ್ನು ಕಿಟಕಿಯಲ್ಲಿಟ್ಟು ಕಾಗೆಗೆ ಹಾಕಿದಳು. 2000ನೇ ಇಸವಿಯಲ್ಲಿ ಹಿತ್ತಲಲ್ಲಿ ತಮ್ಮ ಬಿಲ ಕಂಡಾಗ ನಾನು ತಲೆಯ ಮೇಲೆ ಕೈಹೊತ್ತು ಕೂತರೆ, ಆಕೆಯ ಮುಖ ಅರಳಿತು. ಇಲಿಯೋ ಹೆಗ್ಗಣವೋ ಎಂಬ ಭೇದವನ್ನೆಣಿಸದೆ, ಐದು ಕಡುಬು, ಮೇಲೆ ತುಪ್ಪ, ಬಾಳೆಯ ಎಲೆಯಲ್ಲಿಟ್ಟು, ತಾಯಿಯಿಂದ ಕಲಿತ ಮಾತನ್ನೇ ಹೇಳಿದಳು: “ನಮ್ಮ ಮನಿಗೆ ಬಂದೀರಿ, ಆರಾಮ ಇರ್ರಿ. ನೂಲೊಂದು ಕಡೀಬ್ಯಾಡ್ರಿ.”

ಕರಾರು ಎಂದರೆ ಏನೆಂದು ನನಗೆ ಗೊತ್ತು. ಅಡತಿಯಲ್ಲಿ ಅದೇ ಕೆಲಸ. ಈ ಕರಾರಿನ ಲೋಪ ಆ ಕ್ಷಣವೇ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಮಗ್ಗವಿಲ್ಲ. ಗೋಡೆ, ಪೈಪು, ಫರಸಿ, ಬೇರು ಇವುಗಳ ಮಾತೇ ಆ ಪ್ರಾರ್ಥನೆಯಲ್ಲಿಲ್ಲ. ತಾವು ಎರಡು ವರ್ಷಗಳಿಂದ ಆ ಮಾತನ್ನು ಅಕ್ಷರಶಃ ನಡೆಸಿಕೊಂಡು ಬಂದಿದ್ದೀರಿ: ಆರಾಮವಾಗಿದ್ದೀರಿ, ಮತ್ತು ಹಿತ್ತಲಲ್ಲಿ ಒಣಹಾಕಿದ ಒಂದು ಸೀರೆಯ ಒಂದೆಳೆಯನ್ನೂ ಕಡಿದಿಲ್ಲ. ಸಭ್ಯಸ್ಥರ ಲಕ್ಷಣವಿದು.

ಆದರೆ ಕಳೆದ ತಿಂಗಳು ಸಂಘದ ಸೆಕ್ರೆಟರಿ ಪಂಢರಿನಾಥ ಅವರಿಂದ ನೋಟಿಸು ಬಂದಿತು. ನಮ್ಮ ಗೋಡೆ ವಾಲಿ ಅಪಾಯವಾಗಿದೆ. ಗಣಪತಿ ಬರುವುದರೊಳಗೆ ನೆಟ್ಟಗಾಗದಿದ್ದರೆ ಗೋಡೆ ಕೆಡವಿ, ಹಿತ್ತಲಿಗೆ ಕಾಂಕ್ರೀಟು ಸುರಿದು, ಸ್ಕೂಟರು ನಿಲ್ಲಿಸಲು ಬಳಸಲಾಗುವುದು, ಏಕೆಂದರೆ ಈಗ ಅವು ನಿಲ್ಲುವ ಕಟ್ಟಡದ ಮುಂಭಾಗದಲ್ಲಿ ಗಣಪತಿಯ ಮಂಟಪ ಏಳಬೇಕು. ಮರಳೂ ಜಲ್ಲಿಕಲ್ಲಿನ ಖಡಿಯೂ ಗೇಟಿನ ಬಳಿ ಬಂದು ಬಿದ್ದವು. ಮಲ್ಲಿಗೆ ಈ ವರ್ಷವೇ ಮೈತುಂಬ ಹೂಬಿಟ್ಟದ್ದು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ತಮ್ಮ ಹೆಸರಿನಲ್ಲಿ ಒಂದು ವಿಷದ ಪುಡಿಕೆ ತಂದು ಗಾರೆ ಕೆಲಸದ ಕರಣಿ-ತಟ್ಟೆಗಳ ಡಬ್ಬಿಯಲ್ಲಿ ಇಟ್ಟೆ.

ಪಾರವ್ವನಿಗೆ ಅದು ಸಿಕ್ಕಿತು. ಆಕೆ ಜಗಳವಾಡಲಿಲ್ಲ. ಪುಡಿಕೆಯನ್ನು ನನ್ನ ಮುಂದಿಟ್ಟು, “ಕರದು ಉಣ್ಣಾಕ ಹಾಕೀನ್ರಿ. ಅದ ಎಡಿಯೊಳಗ ವಿಷ ಹಾಕಂತೀರೇನು? ಹಿತ್ತಲಾ ಹೋದ್ರ ಹೋಗ್ಲಿ,” ಎಂದಳು. ಹೇಳಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಹಿತ್ತಲು ಹೋದರೆ ಹೋಗಲಿ ಎಂದವಳು, ಅದಕ್ಕಾಗಿ ಹತ್ತೊಂಬತ್ತು ವರ್ಷ ಕಾದವಳು. ಆ ದಿನ ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ಮೇಲೆ ನಾಚಿಕೆಯೂ ಆಯಿತು.

ವಿಷ ಹಾಕುವಂತಿಲ್ಲ, ಕರಾರು ಮುರಿಯುವಂತಿಲ್ಲ. ಪ್ರಾರ್ಥನೆಯಲ್ಲಿ ಗೋಡೆ-ಪೈಪುಗಳನ್ನೂ ಸೇರಿಸಿಕೊಳ್ಳೆಂದು ಕೇಳಿದರೆ, ಅವ್ವ ಹೇಳಿಕೊಟ್ಟ ಮಾತಿಗೆ ಬಾಲ ಹಚ್ಚುವುದಿಲ್ಲ ಎಂದಳು. ಹೀಗಾಗಿ ಗುಮಾಸ್ತನ ಬುದ್ಧಿಗೆ ಉಳಿದದ್ದು ಒಂದೇ ದಾರಿ. ರಬಕವಿಯಿಂದ ಬರುವ ಸೀರೆ ವ್ಯಾಪಾರಿಯ ಕೈಲಿ, ಮಗ್ಗದಲ್ಲಿ ಉಳಿದ ತುಂಡು ನೂಲಿನ ದೊಡ್ಡ ಗಂಟೊಂದನ್ನು ತರಿಸಿದೆ. ಭಾನುವಾರ ಗುರಣ್ಣನೂ ನಾನೂ ಗೋಡೆಯನ್ನು ಬಿಚ್ಚಿ, ಬುನಾದಿಗೆ ಕಲ್ಲು ಕೂಡಿಸಿ, ನೆಟ್ಟಗೆ ಕಟ್ಟಿದೆವು. ಆಮೇಲೆ ನಾನೊಬ್ಬನೇ ಗೋಡೆಗೂ, ಕಟ್ಟೆಗೂ, ಪೈಪಿಗೂ, ಮಣ್ಣು ಬಿಡಿಸಿ ಮಲ್ಲಿಗೆಯ ಬೇರುಗಳಿಗೂ ಸುತ್ತುಸುತ್ತಾಗಿ ನೂಲು ಸುತ್ತಿದೆ. ಗುರಣ್ಣ ಇಪ್ಪತ್ತು ವರ್ಷದ ಮೇಸ್ತ್ರಿಕೆಯಲ್ಲಿ ಇಂಥ ವಾಟರ್‌ಪ್ರೂಫಿಂಗ್ ಕಂಡಿಲ್ಲವೆಂದು ಹೇಳಿ ಬೀಡಿ ಹಚ್ಚಿದ. ಪಾರವ್ವ ಬಂದು ನಿಂತು ನೋಡಿದಳು, ನಾನು ಹಾಕಿದ ಗಂಟುಗಳು ನೇಕಾರರ ಮನೆಯ ಅಳಿಯನಿಗೆ ಶೋಭಿಸುವಂಥವಲ್ಲ ಎಂದಳು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತು, ಎಲ್ಲ ಎಳೆಗಳನ್ನೂ ಬಿಚ್ಚಿ ಹುರಿಮಾಡಿ ಕೂಡಿಸಿದಳು. ಕತ್ತಲಾಗುವವರೆಗೆ ಕೂತಿದ್ದಳು.

ಮರುದಿನ ಪಂಢರಿನಾಥ ಅವರು ತಪಾಸಣೆಗೆ ಬಂದರು. ನೂಲು ಸುತ್ತಿದ ಬಳ್ಳಿಯನ್ನೂ ಗೋಡೆಯನ್ನೂ ಕಂಡು, ಅವರ ಕಡೆ ಹೆಂಗಸರು ವಟಪೂರ್ಣಿಮೆಯಂದು ಆಲದ ಮರಕ್ಕೆ ನೂಲು ಸುತ್ತುವ ಹಾಗೆ ನಮ್ಮದೂ ಯಾವುದೋ ವ್ರತವೆಂದು ತಿಳಿದು, ಚಪ್ಪಲಿ ಬಿಟ್ಟು ಕೈಮುಗಿದರು. ಪೂಜೆಯ ಜಾಗಕ್ಕೆ ಕಾಂಕ್ರೀಟು ಹಾಕುವುದು ಹೇಗೆ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಇನ್ನೆರಡು ನಿಮಿಷ ಹಾಗೆಯೇ ಕಳೆದಿದ್ದರೆ ಹಿತ್ತಲು ಉಳಿದಂತೆಯೇ ಇತ್ತು.

ಪಾರವ್ವ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದು, ತನ್ನ ಮರಾಠಿಯಲ್ಲಿ, ಇದು ವ್ರತವಲ್ಲ, ಹೆಗ್ಗಣಕ್ಕೆ ಕಟ್ಟಿದ್ದು ಎಂದು ಹೇಳಿಬಿಟ್ಟಳು. ಕಡುಬಿನಿಂದ ಹಿಡಿದು ಕರಾರಿನವರೆಗೆ ಒಂದನ್ನೂ ಬಿಡದೆ ಹೇಳಿದಳು. ದೇವರ ಹೆಸರು ಹೇಳಿ ಜಾಗ ಉಳಿಸಿಕೊಳ್ಳುವುದು ತನಗೆ ಬೇಡ, ಮಾತಿಗೆ ನಿಲ್ಲುವ ಪ್ರಾಣಿ ಅದು, ನೂಲು ಕಟ್ಟಿದಲ್ಲಿ ಬಾಯಿ ಹಾಕುವುದಿಲ್ಲ, ಬೇಕಾದರೆ ದಿನಾ ಬಂದು ನೋಡಿ ಎಂದಳು. ನಾನು ನೆಲ ನೋಡುತ್ತಿದ್ದೆ. ಪಂಢರಿನಾಥ ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, ತಮ್ಮ ಮನೆಯ ಮೋರಿಯ ಪೈಪಿಗೆ ಸಾಲುವಷ್ಟು ನೂಲು ಉಳಿದಿದೆಯೇ ಎಂದು ಕೇಳಿದರು.

ಇಂದಿಗೆ ಐದು ದಿನವಾಯಿತು. ಒಂದೆಳೆಯೂ ಕಡಿದಿಲ್ಲ, ಗೋಡೆ ನೆಟ್ಟಗಿದೆ, ಗೇಟಿನ ಬಳಿಯ ಮರಳನ್ನು ಮಂಟಪದ ಬೊಂಬು ಹುಗಿಯಲು ಬಳಸಿದರು, ನೋಟಿಸಿನ ಬಗ್ಗೆ ಯಾರೂ ಮಾತೆತ್ತುತ್ತಿಲ್ಲ. ಆದರೆ ನೂಲು ಎಂದರೆ ನೂಲು; ಒಂದು ಮಳೆಗೆ ಕೊಳೆಯುತ್ತದೆ. ನನ್ನ ಹತ್ತು ಬೆರಳಿನ ಕೆಲಸಕ್ಕೆ ಇದಕ್ಕಿಂತ ಗಟ್ಟಿಯಾದ ಗ್ಯಾರಂಟಿ ಇಲ್ಲ. ಗೋಡೆ ಬಿದ್ದರೆ ಮತ್ತೆ ಕಟ್ಟಿಯೇನು. ತಾನು ನಂಬಿ ಕರೆದವರೇ ಮಾತು ತಪ್ಪಿದರೆಂದು ಪಾರವ್ವನಿಗೆ ಅನ್ನಿಸಿದರೆ ಅದನ್ನು ಸರಿಮಾಡುವ ಸಾಮಾನು ನನ್ನ ಡಬ್ಬಿಯಲ್ಲಿಲ್ಲ. ಬುಧವಾರ ಇಲಿವಾರ, ಆಕೆ ಎಡೆ ಹಿಡಿದು ಬರುತ್ತಾಳೆ. ದಯವಿಟ್ಟು ಮನೆಯಲ್ಲಿರಬೇಕು. ಆ ಹಿತ್ತಲು ಅವಳದು. ಅಲ್ಲಿ ತಾವು ಎಷ್ಟರ ಅತಿಥಿಯೋ ನಾನೂ ಅಷ್ಟರವನೇ.

ಮೇಲಿನ ಅಂತಸ್ತಿನ ತಮ್ಮ ವಿಶ್ವಾಸಿ,
ಈರಬಸಪ್ಪ

ತಾ.ಕ.: ಪಂಢರಿನಾಥ ಅವರು, ನಾವು ಕೊಟ್ಟ ನೂಲು ಸಾಲದೆ, ಅರ್ಧ ಪೈಪಿಗೆ ನೈಲಾನ್ ಹಗ್ಗ ಸುತ್ತಿದ್ದಾರೆ. ನೈಲಾನು ನೂಲಿನ ಲೆಕ್ಕಕ್ಕೆ ಬರುತ್ತದೆಯೇ ಎಂಬ ಬಗ್ಗೆ ಪಾರವ್ವನ ಪ್ರಾರ್ಥನೆಯಲ್ಲಿ ಏನೂ ಹೇಳಿಲ್ಲ. ಈ ವಿಷಯವನ್ನು ತಮ್ಮ ವಿವೇಚನೆಗೆ ಬಿಟ್ಟಿದ್ದೇನೆ. ಅವರದು ಫ್ಲ್ಯಾಟ್ ನಂಬರ್ ಒಂದು. ನಮ್ಮಲ್ಲಿಂದ ಹೊರಟರೆ ಎಡಕ್ಕೆ.